ಡ್ರೈವರ್ ಬಂದಿಲ್ಲ ಕಾಕಾ

ಮೇ ತಿಂಗಳಲ್ಲಿ ಎಂಟು ದಿನ ಊರಿಗೆ ಹೊರಟಾಗ ಹೆಂಡತಿ ಹೇಳಿದ್ದಳು: "ಸಂಜಿ ಆದ್ರ ಗುಡುಗು ಸಿಡಿಲು ಸುರು ಆಗ್ತಾವ. ಆ ಕಂಪ್ಯೂಟರ್ ವೈರ್ ಕಿತ್ತಿಟ್ಟು ಬರ್ರಿ." ಕಿತ್ತಿಟ್ಟೆ. ಹೇಳಿದ ಮಾತು ಕೇಳಿದ್ದು ಅದೊಂದೇ ಸಲ, ಅದಕ್ಕೂ ಬಡ್ಡಿ ಸಮೇತ ಕಟ್ಟಿದೆ.

ನಮ್ಮ ಕಂಪ್ಯೂಟರಿಗೆ ವಯಸ್ಸಾಗಿದೆ. ಅದರಲ್ಲಿ ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಹಾಕಿಕೊಂಡಿದ್ದೇನೆ. ಹೆಂಡತಿಯ ಇಳಕಲ್ ಸೀರೆ ವ್ಯಾಪಾರದ ಲೆಕ್ಕ, ಉದ್ರಿ ಪಟ್ಟಿ ಎಲ್ಲ ಅದರೊಳಗೇ. ವಾಪಸ್ ಬಂದ ಮಧ್ಯಾಹ್ನ ವೈರ್ ಸಿಕ್ಕಿಸಿ ಬಟನ್ ಒತ್ತಿದೆ. ಕಪ್ಪು ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೋ ಎರಡು ಸಾಲು ಬಂತು. ಮುಂದೆ ಹೋಗಲು ಎಫ್1 ಒತ್ತು ಎಂದಿತು. ಒತ್ತಿದೆ. ಓದಲಿಲ್ಲ. ಬ್ಯಾಂಕಿನ ಫಾರ್ಮಿಗೆ ಸಹಿ ಹಾಕುವಾಗ ಯಾರು ಓದುತ್ತಾರೆ, ಇದೂ ಹಂಗೇ ಅಲ್ವಾ?

ಸ್ವಲ್ಪ ಹೊತ್ತು ಓಡಿತು. ಆಮೇಲೆ ಇಡೀ ಸಿಸ್ಟಮ್ ಇರುವ ರೂಟ್ ಡಿಸ್ಕಿಗೆ ಕಾದು ಕಾದು ಸಾಕಾಯಿತು, ಅಂಥದ್ದು ಇಲ್ಲಿ ಇಲ್ಲವೇ ಇಲ್ಲ ಎಂದು ಬರೆದು, 'ಇನಿಟ್‌ರಾಮ್‌ಎಫ್‌ಎಸ್' ಎಂಬ ಪ್ರಾಂಪ್ಟ್ ಕೊಟ್ಟು, ಇನ್ನು ನೀನೇ ಏನಾದರೂ ಟೈಪ್ ಮಾಡು ಎಂಬಂತೆ ಸುಮ್ನೆ ನಿಂತಿತು. ಡಿಸ್ಕುಗಳ ಪಟ್ಟಿ ಕೇಳಿದೆ. ಒಂದೂ ಇಲ್ಲ. ತಮಾಷೆ ನೋಡಿ, ಲಿನಕ್ಸಿನ ತಿರುಳಾದ ಕರ್ನಲ್ ಎದ್ದು ಬಂದದ್ದೇ ಆ ಡಿಸ್ಕಿನಿಂದ. ಬಂದು ಕೂತ ಮೇಲೆ "ಡಿಸ್ಕಾ? ಯಾವ ಡಿಸ್ಕು?" ಎನ್ನುತ್ತದೆ. ಉಂಡು ಕೈ ತೊಳೆದವನು ಮನೆಯವರ ಗುರುತೇ ಇಲ್ಲ ಅಂದ ಹಾಗೆ.

ಡಬ್ಬಿ ಬಿಚ್ಚಿದೆ. ಡಿಸ್ಕಿನ ಸಾಟಾ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಬೇರೆ ಕೇಬಲ್ ಹಾಕಿದೆ. ಹೊರಗೆ ಬಿಸಿಲು, ಒಳಗೆ ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. "ಏನಾಗೇತ್ರೀ?" ಎಂದಳು. "ಬ್ಯಾಡ್ ಸೆಕ್ಟರ್ ಇರಬಹುದು" ಎಂದೆ. ಡಿಸ್ಕಿನಲ್ಲಿ ಕೆಟ್ಟುಹೋದ ಜಾಗಕ್ಕೆ ಹಾಗೆನ್ನುತ್ತಾರೆ.

ಬಾಗಲಕೋಟೆ ನವನಗರದಲ್ಲಿ ಈ ಮಾತು ಆಡಬಾರದು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದಷ್ಟು ಭಾಗ ಹೋದ ಮೇಲೆ ಕಟ್ಟಿದ ಊರಿದು. ಇಲ್ಲಿ ಸೆಕ್ಟರ್ ಅಂದರೆ ವಿಳಾಸ. ಆಟೋದವರೂ ಮೊದಲು ಸೆಕ್ಟರ್ ನಂಬರೇ ಕೇಳುತ್ತಾರೆ. ಕಾಂಪೌಂಡಿನ ಆಚೆ ಹಪ್ಪಳ ಒಣಹಾಕುತ್ತಿದ್ದ ಪಕ್ಕದ ಮನೆಯವರು ಕೈ ನಿಲ್ಲಿಸಿ, "ಯಾವ ಸೆಕ್ಟರ್ರಿ? ನಮ್ದೇನು?" ಎಂದರು.

ಅಷ್ಟರಲ್ಲಿ ಕಾಕಾ ಬಂದರು. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದವರು. ಚಹಾ ಬಸಿಗೆ ಸುರುವಿಕೊಂಡು ಕೇಳಿದರು, "ಏನಾತೋ?"

"ಡಿಸ್ಕ್ ಕಂಟ್ರೋಲರ್ ಐತಿ ಕಾಕಾ, ಡ್ರೈವರ್ ಬಂದಿಲ್ಲ."

ಕಂಟ್ರೋಲರ್ ಅಂದರೆ ಡಿಸ್ಕನ್ನು ನಡೆಸುವ ಚಿಪ್ಪು, ಡ್ರೈವರ್ ಅಂದರೆ ಆ ಚಿಪ್ಪಿನ ಜೊತೆ ಮಾತಾಡುವ ಪ್ರೋಗ್ರಾಮು. ಆದರೂ ಇದು ಅವರಿಗೆ ಚೆನ್ನಾಗಿ ಅರ್ಥವಾಯಿತು. ನನಗಿಂತ ಜಾಸ್ತಿಯೇ. "ಕಂಟ್ರೋಲರ್ ಕೂಡ ಜಗಳಾ ಆಮ್ಯಾಲ. ಗಡಿಯಾರದಾಗ ಟೈಮ್ ಎಷ್ಟ ಆಗೇತಿ ನೋಡಿದಿ ಏನು? ನಾವು ಡಿಪೋಕ್ಕ ಹೋದ ಕೂಡಲೇ ಮೊದಲ ಅದನ್ನ ನೋಡತಿದ್ವಿ."

ಅವರ ಸಮಾಧಾನಕ್ಕೆ ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಮಿನ ಸೆಟ್ಟಿಂಗು, ತೆರೆದೆ. ತಾರೀಕು 2009ರ ಜನವರಿ 1.

ಆಗ ತಲೆಯಲ್ಲಿ ದೀಪ ಹತ್ತಿತು. ಮದರ್‌ಬೋರ್ಡಿನಲ್ಲಿ ಒಂದು ಗುಂಡು ಸೆಲ್ ಇರುತ್ತದೆ, ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆ ಇದೆ. ಗಡಿಯಾರ, ಸೆಟ್ಟಿಂಗು ನೆನಪಿಡುವುದು ಅದರ 3 ವೋಲ್ಟಿನ ಬಲದ ಮೇಲೆ. ನಮ್ಮದು ಯಾವಾಗಲೋ ಸತ್ತಿತ್ತು. ಗೋಡೆಯಿಂದ ಕರೆಂಟ್ ಬರುತ್ತಿದ್ದುದರಿಂದ ಗೊತ್ತಾಗಿರಲಿಲ್ಲ. ವೈರ್ ಕಿತ್ತ ಎಂಟು ದಿನದಲ್ಲಿ ಬಯಾಸ್ ಎಲ್ಲ ಮರೆತು, ಡಿಸ್ಕ್ ಕಂಟ್ರೋಲರನ್ನು ಎಎಚ್‌ಸಿಐನಿಂದ ಹಳೇ ಐಡಿಇ ಮೋಡಿಗೆ ಹಾಕಿತ್ತು. ಎರಡೂ ಡಿಸ್ಕಿನ ಜೊತೆ ಮಾತಾಡುವ ರೀತಿಗಳು, ಒಂದು ಹೊಸದು, ಒಂದು ಹಳೇದು. ಕಂಟ್ರೋಲರ್ ಅದೇ, ಡ್ಯೂಟಿ ಬೇರೆ. ಈ ಮೋಡಿಗೆ ಎಟಿಎ-ಪೀಕ್ಸ್ ಎಂಬ ಡ್ರೈವರ್ ಬೇಕು. ಆ ಡ್ರೈವರ್ ಡಿಸ್ಕಿನಲ್ಲೇ ಇದ್ದಾನೆ. ಆದರೆ ಡಿಸ್ಕ್ ಕಾಣಬೇಕಾದರೆ ಅವನು ಮೊದಲು ಬರಬೇಕು!

ಹೀಗಾಗಬಾರದು ಎಂದೇ ಬೂಟ್ ಆಗುವಾಗ ಬೇಕಾದ ಡ್ರೈವರುಗಳನ್ನೆಲ್ಲ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟಿನಲ್ಲಿ ಕಟ್ಟಿಟ್ಟಿರುತ್ತಾರೆ. ಡೆಬಿಯನ್‌ನವರು ಅದರ ಸೆಟ್ಟಿಂಗಿನಲ್ಲಿ 'ಮೋಸ್ಟ್' (ಬಹುಪಾಲು) ಎಂದು ಬರೆದು ಧಾರಾಳವಾಗಿಯೇ ಕಟ್ಟಿದ್ದರು. ಮೂರು ವರ್ಷದ ಹಿಂದೆ ಒಬ್ಬ ಜಾಣ ಅದನ್ನು 'ಡೆಪ್' ಎಂದು ತಿದ್ದಿ, ಆವತ್ತು ಬೇಕಾದ ಡ್ರೈವರನ್ನಷ್ಟೇ ಇಟ್ಟುಕೊಂಡು ಗಂಟು ಹಗುರ ಮಾಡಿದ್ದ. ಆ ಜಾಣ ಯಾರು ಎಂದು ಹೆಂಡತಿಗೆ ಹೇಳಿಲ್ಲ. ಕಾಕಾಗೆ ಹೇಳಿದೆ.

"ಸ್ಪೇರ್ ಡ್ರೈವರ್ ಇಲ್ದ ಡಿಪೋ ನಡಸ್ತೀಯಲ್ಲೋ!" ಎಂದರು.

40 ರೂಪಾಯಿ ಕೊಟ್ಟು ಸೆಲ್ ತಂದೆ. ಮೋಡ್ ಬದಲಿಸಿದೆ, ಗಡಿಯಾರ ಮರೆತೆ. ಬೂಟ್ ಆಗುತ್ತಾ ಅದು, ಈ ಡಿಸ್ಕನ್ನು ಕೊನೆಯ ಸಲ ಮೌಂಟ್ ಮಾಡಿದ್ದು, ಅಂದರೆ ಬಳಕೆಗೆ ತೆರೆದದ್ದು, ಭವಿಷ್ಯದಲ್ಲಿ ಎಂದು ದೂರು ಹೇಳಿತು. ತಾರೀಕು ತಿದ್ದಿದೆ. 'ಡೆಪ್' ಅಳಿಸಿ ಮತ್ತೆ 'ಮೋಸ್ಟ್' ಬರೆದು ಗಂಟು ಹೊಸದಾಗಿ ಕಟ್ಟಿಸಿದೆ. ಉದ್ರಿ ಪಟ್ಟಿ ಜೀವಂತ ಇತ್ತು. ಮೇಲಿಂದ ಮೂರನೇ ಹೆಸರು ಪಕ್ಕದ ಮನೆಯವರದು.

ಸಂಜೆ ಕಡೆಗೆ ಮೋಡ ಕಟ್ಟಿ ದೂರದಲ್ಲಿ ಗುಡುಗಿತು.

"ರೀ, ವೈರ್ ಕಿತ್ತಿಟ್ಟ್ರೇನು?"

ಕಿತ್ತಿಟ್ಟೆ.