ಮೊದಲು ಗೇಟ್ ತೆಗೆಯಿರಿ

ಬೆಳಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಯಾವುದೋ ಫುಟ್‌ಬಾಲ್ ಮ್ಯಾಚಿನ ಗಲಾಟೆಯ ವಿಡಿಯೊವನ್ನು ಗೆಳೆಯರೊಬ್ಬರು ಹಂಚಿಕೊಂಡಿದ್ದಾರೆ. ಪೊಲೀಸರು ಗ್ಯಾಲರಿಯ ಕಡೆಗೇ ಅಶ್ರುವಾಯು ಹಾರಿಸುತ್ತಿದ್ದಾರೆ. ಕೆಳಗೆ ಸಾಲು ಸಾಲು ಕಮೆಂಟು: "ಈ ಜನಕ್ಕೆ ಹಾಗೇ ಆಗಬೇಕು", "ಇನ್ನೂ ನಾಲ್ಕು ಬಾರಿಸಿ". ಆ ಹೊಗೆಯಲ್ಲಿ ಒಬ್ಬ ಅಪ್ಪ ತನ್ನ ಜೆರ್ಸಿಯನ್ನು ಮಗುವಿನ ಮುಖಕ್ಕೆ ಒತ್ತಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾನೆ. ಅವನೇನು ತಪ್ಪು ಮಾಡಿದ್ದ? ಒಬ್ಬರೂ ಕೇಳಲಿಲ್ಲ.

ನಾನು ನಿದ್ದೆಗೆಟ್ಟು ಮ್ಯಾಚ್ ನೋಡುವವನು, ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ಅಂದರೆ ಪ್ರಾಣ ಬಿಡುವವನು ಅಂತ ನಿಮಗೆಲ್ಲ ಗೊತ್ತೇ ಇದೆ. ಪುಂಡಾಟ ಮಾಡುವವರ ಮೇಲೆ ನನಗೆ ಒಂದು ಚೂರೂ ಕನಿಕರ ಇಲ್ಲ. ಆದರೆ ಕೆಲವರು ಪುಂಡರು ಅಂತ ಇಡೀ ಸ್ಟೇಡಿಯಂ ಅನ್ನೇ ಕೂಡಿಹಾಕಿ ಶಿಕ್ಷಿಸುವುದನ್ನು ನಾನು ಒಪ್ಪುವುದಿಲ್ಲ.

2022ರ ಅಕ್ಟೋಬರ್ 1ರಂದು ಇಂಡೊನೇಷ್ಯಾದ ಮಲಾಂಗ್‌ನಲ್ಲಿ ಏನಾಯಿತು ನೆನಪಿದೆಯಾ? ಅರೆಮಾ ತಂಡ ತನ್ನ ಮೈದಾನದಲ್ಲೇ ಪೆರ್ಸೆಬಾಯ ಎದುರು 3-2ರಿಂದ ಸೋತಿತು. ಸಿಟ್ಟಿಗೆದ್ದ ಜನ ಮೈದಾನಕ್ಕೆ ಇಳಿದರು. ತಪ್ಪೇ, ಇಲ್ಲ ಅನ್ನಲ್ಲ. ಆದರೆ ಎದುರಾಳಿ ತಂಡದ ಅಭಿಮಾನಿಗಳಿಗೆ ಅವತ್ತು ಪ್ರವೇಶವೇ ಇರಲಿಲ್ಲ. ಹೊಡೆದಾಡಲು ಎದುರಿಗೆ ಯಾರೂ ಇರಲಿಲ್ಲ! ಆದರೂ ಪೊಲೀಸರು ಅಶ್ರುವಾಯು ಹಾರಿಸಿದರು, ಅದೂ ಮೈದಾನಕ್ಕೆ ಇಳಿಯದೆ ತಮ್ಮ ಪಾಡಿಗೆ ಕೂತಿದ್ದವರ ಮೇಲೆ. ಕಣ್ಣು ಕಾಣದೆ ಎಲ್ಲರೂ ಮೆಟ್ಟಿಲಿಳಿದು 13ನೇ ಗೇಟಿನತ್ತ ನುಗ್ಗಿದರು. ಕಿರಿದಾದ ಆ ದಾರಿಯಲ್ಲಿ ಮುಂದಿದ್ದವರಿಗೆ ಹೊರಗೆ ಹೋಗಲು ಆಗಲಿಲ್ಲ, ಹಿಂದಿದ್ದವರಿಗೆ ಅದು ಗೊತ್ತಾಗಲಿಲ್ಲ. ಒಟ್ಟು 135 ಜನ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು.

ಇದು ಹೊಸದೇನಲ್ಲ. 1964ರಲ್ಲಿ ಲಿಮಾದಲ್ಲಿ ಪೆರು–ಅರ್ಜೆಂಟೀನಾ ಪಂದ್ಯ. ಪೆರುವಿನ ಗೋಲನ್ನು ರೆಫ್ರಿ ಒಪ್ಪಲಿಲ್ಲ, ಗಲಾಟೆಯಾಯಿತು, ಅಶ್ರುವಾಯು ಬಂತು. ಮೆಟ್ಟಿಲ ಕೆಳಗಿನ ಕಬ್ಬಿಣದ ಬಾಗಿಲುಗಳು ಮುಚ್ಚಿದ್ದವು. 328 ಜನ ಸತ್ತರು, ಹೆಚ್ಚಿನವರು ಉಸಿರುಗಟ್ಟಿ. 2001ರಲ್ಲಿ ಘಾನಾದ ಅಕ್ರಾದಲ್ಲಿ ಮತ್ತೆ ಅದೇ ಅಶ್ರುವಾಯು, ಅದೇ ಬೀಗ ಹಾಕಿದ ಗೇಟು. 126 ಜನ.

"ಹಾಗಾದರೆ ಹೇಸೆಲ್?" ಅಂತ ನೀವು ಕೇಳೇ ಕೇಳುತ್ತೀರಿ. ಕೇಳಿ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂನಲ್ಲಿ ಇಟಲಿಯ ಯುವೆಂಟಸ್ ತಂಡದ ಅಭಿಮಾನಿಗಳ ಮೇಲೆ ಏರಿಹೋದವರು ನಮ್ಮ ಲಿವರ್‌ಪೂಲ್‌ನವರೇ. 39 ಜನ ಸತ್ತರು. ಆ ಕೆಂಪು ಜೆರ್ಸಿ ತೊಡುವಾಗ ಈ ವಿಷಯ ನನಗೆ ಇವತ್ತಿಗೂ ಚುಚ್ಚುತ್ತದೆ. 14 ಅಭಿಮಾನಿಗಳಿಗೆ ಶಿಕ್ಷೆಯಾಯಿತು, ಆಗಲೇಬೇಕಿತ್ತು. ಆದರೆ ಆ ಸ್ಟೇಡಿಯಂ ಶಿಥಿಲವಾಗಿತ್ತು, ನಡುವೆ ಇದ್ದದ್ದು ಬರೀ ಒಂದು ತೆಳು ತಂತಿ ಬೇಲಿ. ಈಜಿಪ್ಟ್‌ನ ಪೋರ್ಟ್ ಸೈದ್ ನೋಡಿ. 2012ರಲ್ಲಿ ಅಲ್ ಮಸ್ರಿ ತಂಡ 3-1ರಿಂದ ಗೆದ್ದಿತ್ತು, ಆದರೂ ಅದರ ಕಡೆಯವರು ಅಲ್ ಅಹ್ಲಿ ಅಭಿಮಾನಿಗಳ ಮೇಲೆ ಬಿದ್ದರು. ಗೆದ್ದವರೇ ಹೊಡೆದರು ಅಂದರೆ ಅದನ್ನು ಆಟದ ಹುಚ್ಚು ಅನ್ನಲು ಆಗುತ್ತಾ? 70ಕ್ಕೂ ಜಾಸ್ತಿ ಜನ ಸತ್ತರು. ಪೊಲೀಸರು ನೋಡುತ್ತಾ ನಿಂತಿದ್ದರು. ಅಲ್ಲೂ ಹೊರಗೆ ಹೋಗುವ ಗೇಟು ಮುಚ್ಚಿತ್ತು!

ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸುವುದು ಇಂಗ್ಲೆಂಡಿನ ಹಿಲ್ಸ್‌ಬರೋ ಸ್ಟೇಡಿಯಂನ ದುರಂತ. ಪುಂಡರು ಮೈದಾನಕ್ಕೆ ಇಳಿಯಬಾರದು ಅಂತ ಇಂಗ್ಲೆಂಡಿನ ಎಷ್ಟೋ ಸ್ಟೇಡಿಯಂಗಳಲ್ಲಿ ಎತ್ತರದ ಕಬ್ಬಿಣದ ಬೇಲಿ ಕಟ್ಟಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಆ ಸ್ಟೇಡಿಯಂನಲ್ಲಿ, ಆಗಲೇ ಕಿಕ್ಕಿರಿದಿದ್ದ ಲಿವರ್‌ಪೂಲ್ ಅಭಿಮಾನಿಗಳ ಗ್ಯಾಲರಿಗೆ ಮತ್ತಷ್ಟು ಜನ ಬಂದು ತುಂಬಿಕೊಂಡರು. ಮುಂದಿದ್ದವರ ಎದೆ ಬೇಲಿಗೆ ಒತ್ತಿಕೊಂಡಿತು. ಉಸಿರಿಗಾಗಿ ಬೇಲಿ ಹತ್ತಿದವರನ್ನು ಪೊಲೀಸರು ಮೊದಲು ಮೈದಾನಕ್ಕೆ ನುಗ್ಗುವವರು ಅಂದುಕೊಂಡರು. ಸತ್ತವರು 97. ಅವತ್ತಿನ ಪೊಲೀಸ್ ಮುಖ್ಯಸ್ಥ, ಅಭಿಮಾನಿಗಳೇ ಗೇಟ್ ಮುರಿದು ನುಗ್ಗಿದರು ಅಂತ ಸುಳ್ಳು ಹೇಳಿದ. ಗೇಟ್ ತೆಗೆಯಲು ಹೇಳಿದ್ದು ಅವನೇ. ಜನ ಎಲ್ಲಿ ಹೋಗಿ ತುಂಬಿಕೊಳ್ಳುತ್ತಾರೆ ಅಂತ ನೋಡಲಿಲ್ಲ, ಅಷ್ಟೇ. ಅಭಿಮಾನಿಗಳ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರು 27 ವರ್ಷ "ನಮ್ಮ ಮಕ್ಕಳು ಪುಂಡರಲ್ಲ" ಅಂತ ಹೇಳುತ್ತಲೇ ಇರಬೇಕಾಯಿತು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆಮೇಲಾದರೂ ಬುದ್ಧಿ ಬಂತಾ? 2022ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ, ಪ್ಯಾರಿಸ್‌ನ ಗೇಟಿನ ಮುಂದೆ ಟಿಕೆಟ್ ಹಿಡಿದು ಕಾಯುತ್ತಿದ್ದವರ ಕಣ್ಣಿಗೂ ಅಶ್ರುವಾಯು. ಮೊದಲು ದೂರಿದ್ದು ಮತ್ತೆ ಅಭಿಮಾನಿಗಳನ್ನೇ. ಮುಖ್ಯ ಹೊಣೆ ಪಂದ್ಯ ನಡೆಸಿದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯದ್ದು ಅಂತ ಸ್ವತಂತ್ರ ತನಿಖೆ ಮುಂದಿನ ವರ್ಷ ಹೇಳಿತು.

ಪುಂಡರನ್ನು ಹಿಡಿಯಲು ಬೇರೆ ದಾರಿ ಇದೆ ಸ್ವಾಮಿ. ಇಂಗ್ಲೆಂಡಿನಲ್ಲಿ ಗಲಾಟೆ ಮಾಡಿ ಸಿಕ್ಕಿಬಿದ್ದವನಿಗೆ ಕೋರ್ಟು ಮ್ಯಾಚಿಗೆ ಬರದಂತೆ ವರ್ಷಗಟ್ಟಲೆ ನಿಷೇಧ ಹಾಕುತ್ತದೆ. ವಿದೇಶದಲ್ಲಿ ದೊಡ್ಡ ಪಂದ್ಯ ಇದ್ದಾಗ ಪಾಸ್‌ಪೋರ್ಟ್ ಕೂಡ ಒಪ್ಪಿಸಬೇಕು. ಮಾಡಿದವನಿಗೆ ಶಿಕ್ಷೆ, ಪಕ್ಕದಲ್ಲಿ ಕೂತವನಿಗಲ್ಲ. 2004ರ ಯೂರೋ ಕಪ್‌ನಲ್ಲಿ ಪೋರ್ಚುಗಲ್ ಪೊಲೀಸರು ದೊಡ್ಡ ಪಂದ್ಯಗಳ ಊರುಗಳಲ್ಲಿ ಗುರಾಣಿ ಹೆಲ್ಮೆಟ್ ಕಣ್ಣಿಗೆ ಬೀಳದಂತೆ ಇಟ್ಟು, ಅಭಿಮಾನಿಗಳ ನಡುವೆ ಮಾತಾಡಿಸುತ್ತಾ ಓಡಾಡಿದರು. ಅಲ್ಲಿ ಹೇಳಿಕೊಳ್ಳುವಂಥ ಗಲಾಟೆ ಆಗಲಿಲ್ಲ.

ಫಿಫಾ ನಿಯಮದಲ್ಲೇ ಇದೆ, ಮೈದಾನದ ಅಂಚಿನಲ್ಲಿ ನಿಲ್ಲುವ ಪೊಲೀಸರಾಗಲಿ ಸಿಬ್ಬಂದಿಯಾಗಲಿ ಅಶ್ರುವಾಯು ಇಟ್ಟುಕೊಳ್ಳುವಂತಿಲ್ಲ, ಬಳಸುವಂತಿಲ್ಲ. ಜನ ಒಳಗಿರುವಷ್ಟು ಹೊತ್ತು ಹೊರಹೋಗುವ ಗೇಟಿಗೆ ಬೀಗ ಹಾಕುವಂತಿಲ್ಲ, ಪ್ರತಿ ಗೇಟಿನ ಬಳಿ ಒಬ್ಬ ಸಿಬ್ಬಂದಿ ಇರಲೇಬೇಕು. "ಇನ್ನೂ ನಾಲ್ಕು ಬಾರಿಸಿ" ಅಂತ ಬರೆದವರು ನನ್ನ ಗೆಳೆಯರ ಪಟ್ಟಿಯಲ್ಲೂ ಇದ್ದೀರಿ. ಆ ವಿಡಿಯೊದ ಸ್ಟೇಡಿಯಂನಲ್ಲಿ ಹೊರಹೋಗುವ ಗೇಟು ತೆರೆದಿತ್ತಾ, ಅಲ್ಲಿ ಯಾರಾದರೂ ನಿಂತಿದ್ದರಾ ಅಂತ ಒಮ್ಮೆಯಾದರೂ ಕೇಳಿದಿರಾ? ಕಮೆಂಟಿನಲ್ಲೇ ಉತ್ತರ ಹೇಳಿ.