ಗಿರಮಿಟ್ ಅಂಗಡಿಯ ಗ್ರಾಸು, ನೆಟ್ಟು

ಸಂಜೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನಲು ನಿಂತರೆ, ಪಕ್ಕದವರ ಮಾತು ತಿಳಿಯಲು ಈಗ ಸಿಎ ಪಾಸಾಗಿರಬೇಕು.

‘ಮೂರ ದಿನಕ್ಕ ನೂರು ಕೋಟಿ ದಾಟೇತಿ.’

‘ಗ್ರಾಸೋ, ನೆಟ್ಟೋ?’

‘ಗ್ರಾಸ್. ಬಿಕೆಟಿ ಒಳಗ ಶೇರ್ ಛಲೋ ಐತಿ, ನಮ್ಮ ಕಡೆ ಸ್ವಲ್ಪ ಡಲ್ಲು.’

ಬಿಕೆಟಿ ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಸಿನಿಮಾ ಹಂಚಿಕೆದಾರರ ಲೆಕ್ಕದ ಭಾಷೆ. ಗ್ರಾಸ್ ಅಂದರೆ ಟಿಕೆಟ್ ಮಾರಿ ಬಂದ ಒಟ್ಟು ದುಡ್ಡು, ನೆಟ್ ಅಂದರೆ ತೆರಿಗೆ ಕಳೆದು ಉಳಿದದ್ದು, ಶೇರ್ ಅಂದರೆ ಅದರಲ್ಲಿ ಥಿಯೇಟರಿನವರ ಪಾಲು ತೆಗೆದ ಮೇಲೆ ಹಂಚಿಕೆದಾರನಿಗೆ ಸಿಗುವುದು. ‘ತಮ್ಮಾ, ಪಿಕ್ಚರ್ ಹೆಂಗೈತಿ?’ ಅಂತ ಕೇಳಿದೆ. ‘ನೋಡಿಲ್ರೀ. ಕಲೆಕ್ಷನ್ ನೋಡೇನಿ’ ಅಂದ.

ವೆರೈಟಿ ಅಂದರೆ ನಮ್ಮಲ್ಲಿ ಬಜ್ಜಿ ಅಂಗಡಿಯ ಬೋರ್ಡು. ಅಮೆರಿಕದಲ್ಲಿ ಅದು ಸಿನಿಮಾ, ನಾಟಕದ ಕಸುಬಿನ ಪತ್ರಿಕೆ. ನ್ಯೂಯಾರ್ಕಿನ ಸೈಮ್ ಸಿಲ್ವರ್‌ಮನ್ ಎಂಬ ವಿಮರ್ಶಕ ಒಂದು ರಂಗದ ಆಟವನ್ನು ಚೆನ್ನಾಗಿಲ್ಲ ಅಂತ ಬರೆದ. ಆಟದವರು ಅವನು ಕೆಲಸಕ್ಕಿದ್ದ ಪತ್ರಿಕೆಗೇ ಜಾಹೀರಾತು ಕೊಟ್ಟಿದ್ದರು. ಕೆಲಸ ಹೋಯಿತು. ಮಾವನ ಹತ್ತಿರ 1,500 ಡಾಲರ್ ಸಾಲ ಪಡೆದು 1905ರ ಡಿಸೆಂಬರ್ 16ರಂದು ವೆರೈಟಿ ಎಂಬ ಸ್ವಂತ ಪತ್ರಿಕೆ ತೆಗೆದ. (ನಮ್ಮ ಕಡೆ ಅಳಿಯ ಇಂಥ ಕಾರಣಕ್ಕೆ ಕೆಲಸ ಬಿಟ್ಟು ಬಂದರೆ ಮಾವ ಸಾಲ ಕೊಡುವುದಿರಲಿ, ಚಹಾ ಕೊಟ್ಟರೆ ಪುಣ್ಯ.) ಏಳು ವರ್ಷದ ಮಗನ ಕೈಯಲ್ಲೂ ವಿಮರ್ಶೆ ಬರೆಸಿದ. ಆ ಹುಡುಗ ಕೊನೇಪಕ್ಷ ಆಟ ನೋಡಿ ಬರೆಯುತ್ತಿದ್ದ.

ಆ ಪತ್ರಿಕೆ ಇದ್ದದ್ದು ಕಸುಬಿನವರಿಗೆ. ಈ ವಾರ ಯಾರ ಆಟ ಯಾವ ಊರಲ್ಲಿ, ಯಾವ ಥಿಯೇಟರಿಗೆ ಎಷ್ಟು ದುಡ್ಡು ಬಂತು, ಇಂಥವು. ಗದಗಿನ ನಾಟಕ ಕಂಪನಿಯ ಮಾಲೀಕ ಜಾತ್ರೆಯ ಕ್ಯಾಂಪಿನಲ್ಲಿ ರಾತ್ರಿ ಗಲ್ಲೆ ಎಣಿಸುತ್ತಾನಲ್ಲ, ಹಾಗೆ. ಪ್ರೇಕ್ಷಕ ಅತ್ತ ಹಣಕಿ ನೋಡುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಹಾಡು, ಕಾಮಿಡಿ, ಮುಂದಿನ ಸಾಲಿನ ಜಾಗ.

1935ರಲ್ಲಿ ಅದೇ ಪತ್ರಿಕೆಯ ಒಂದು ತಲೆಬರಹ ಹೆಸರಾಯಿತು: ‘ಸ್ಟಿಕ್ಸ್ ನಿಕ್ಸ್ ಹಿಕ್ ಪಿಕ್ಸ್’. ಹಳ್ಳಿಯವರ ಬಗ್ಗೆ ತೆಗೆದ ಸಿನಿಮಾ ಹಳ್ಳಿಯವರಿಗೇ ಬೇಡವಂತೆ ಅಂತ ಅರ್ಥ. ಹಾವೇರಿಯ ಯಾರನ್ನಾದರೂ ಕೇಳಿದ್ದರೆ ಅವರೂ ಹೇಳುತ್ತಿದ್ದರು. ನಮ್ಮ ಭಾಷೆ ಆಡುವವನಿಗೆ ಸಿನಿಮಾದಲ್ಲಿ ಒಂದೋ ಏಟು, ಇಲ್ಲ ನಗೆಪಾಟಲು. ರುಮಾಲು ಸುತ್ತಿಕೊಂಡು ‘ಯಾಕಲೇ’ ಅಂದರೆ ಸಾಕು, ಉತ್ತರ ಕರ್ನಾಟಕ ಮುಗಿಯಿತು. ಇಷ್ಟಾದ ಮೇಲೂ ನಮ್ಮ ಹುಡುಗರು ಅದರ ಗ್ರಾಸ್ ಬಾಯಿಪಾಠ ಮಾಡುತ್ತಾರೆ!

ಹಾಲಿವುಡ್ ರಿಪೋರ್ಟರ್ ಎಂಬ ಪತ್ರಿಕೆ 1930ರಿಂದ ವೆರೈಟಿಯ ಸವತಿ. ಈಗ ಇಬ್ಬರೂ ಪೆನ್ಸ್ಕೆ ಎಂಬ ಕಂಪನಿಯ ಒಂದೇ ಮನೆ ಸೇರಿದ್ದಾರೆ. ಅಲ್ಲಿ ಜಗಳ ತಣ್ಣಗಾಯಿತು. ದುರ್ಗದಬೈಲಿನಲ್ಲಿ ಮಾತ್ರ ಇಬ್ಬರು ಹೀರೋಗಳ ಅಭಿಮಾನಿಗಳು ಯಾರದೋ ಕೋಟಿಗೆ ಕಾಲರ್ ಹಿಡಿದಿದ್ದರು. ಅಂಗಡಿಯ ಕಾಕಾ ನಡುವೆ ಬಂದರು.

‘ಕೋಟಿ ಆಮ್ಯಾಲ. ನಿನ್ನ ಉದ್ರಿ ಎಂಬತ್ತು ರೂಪಾಯಿ ಯಾವಾಗಲೇ?’

‘ಅದು ಗ್ರಾಸ್ ರೀ ಕಾಕಾ. ನೆಟ್ ನಲವತ್ತ. ಉಳಿದಿದ್ದು ಗೆಳೆಯಾರ ಶೇರ್.’