ಹಾಯಿದೋಣಿಗಾಗಿ ಹೆದ್ದಾರಿ ನಿಲ್ಲಬೇಕೇ?

ಕರಾವಳಿಯಲ್ಲಿ ಮರೀನಾ, ಅಂದರೆ ವಿಹಾರ ನೌಕೆಗಳು ತಂಗುವ ಕಟ್ಟೆ, ಕಟ್ಟುವ ಮಾತು ಆಗಾಗ ತಲೆಯೆತ್ತುತ್ತದೆ. ಅಳಿವೆಯ ಒಳಗಿನ ಹಿನ್ನೀರು ಲಂಗರು ಹಾಕಲು ಹೇಳಿ ಮಾಡಿಸಿದ ಜಾಗ. ಆದರೆ ದಾರಿಗೆ ಅಡ್ಡಲಾಗಿ ರಾಷ್ಟ್ರೀಯ ಹೆದ್ದಾರಿ 66ರ ಸೇತುವೆಗಳಿವೆ, ಕೊಂಕಣ ರೈಲ್ವೆಯ ಸೇತುವೆಗಳೂ ಇವೆ. ಎತ್ತರದ ಹಾಯಿಕಂಬ ಅವುಗಳ ಕೆಳಗೆ ನುಸುಳದು. ಹೊರಗಿನಿಂದ ಬರುವ ವಿಹಾರ ನೌಕೆಗಳಿಗಾಗಿ ಎತ್ತುವ ಸೇತುವೆ ಬೇಕೇ? ವಾದಿಸುವ ಇಬ್ಬರೂ ಬೆಂಗಳೂರಿನವರು, ಇಬ್ಬರೂ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗುವವರು.

ಪರ

ರಸ್ತೆ ನಿಲ್ಲಿಸುವುದು ಎಂದೊಡನೆ ಬೆಂಗಳೂರಿನವರ ಮೈ ಉರಿಯುತ್ತದೆ. ಗಣ್ಯರ ವಾಹನಗಳಿಗೆಂದು ಪೊಲೀಸರು ಕೈ ಅಡ್ಡ ಹಿಡಿದಾಗ ಸಿಟ್ಟು ಬರುವುದು ಹತ್ತು ನಿಮಿಷ ಹೋಯಿತೆಂದಲ್ಲ. ಯಾರಿಗಾಗಿ, ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲವಲ್ಲ, ಅದಕ್ಕೆ. ಎತ್ತುವ ಸೇತುವೆಯ ಆಡಳಿತ ಇದಕ್ಕೆ ತದ್ವಿರುದ್ಧ. ಲಂಡನ್ನಿನ ಟವರ್ ಬ್ರಿಜ್ 1894ರಿಂದ ನಡೆದುಬಂದಿದೆ. ಹಡಗಿನವರು 24 ಗಂಟೆ ಮೊದಲೇ ತಿಳಿಸಬೇಕು, ವೇಳಾಪಟ್ಟಿ ಎಲ್ಲರಿಗೂ ಕಾಣುವಂತಿರಬೇಕು. 1997ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರ ವಾಹನ ಸಾಲು ಆ ಸೇತುವೆಯ ಬಳಿ ಎರಡು ತುಂಡಾಯಿತು. ಗ್ಲ್ಯಾಡಿಸ್ ಎಂಬ ಹಾಯಿಹಡಗು ಮೊದಲೇ ಹೊತ್ತು ಗೊತ್ತುಮಾಡಿಕೊಂಡಿತ್ತು, ಸೇತುವೆ ಎದ್ದಿತು. ನಮ್ಮೂರಿನಲ್ಲಿ ಇಂಥದ್ದು ನಡೆದರೆ ನಾನು ಸಿಹಿ ಹಂಚುತ್ತೇನೆ.

ನಾವು ನೋಡಿ ಕಲಿಯಬೇಕಾದದ್ದು ಕೆರಿಬಿಯನ್ನಿನ ಸಿಂಟ್ ಮಾರ್ಟನ್‌ನಿಂದ. 87 ಚದರ ಕಿಲೋಮೀಟರಿನ ಪುಟ್ಟ ದ್ವೀಪವನ್ನು ಫ್ರೆಂಚರೂ ಡಚ್ಚರೂ ಹಂಚಿಕೊಂಡಿದ್ದಾರೆ. ಅಲ್ಲಿನ ಸಿಂಪ್ಸನ್ ಬೇ ಲಗೂನಿನ, ಅಂದರೆ ಕಡಲಿಗೆ ಸೇರಿದ ಹಿನ್ನೀರಿನ, ನಡುವೆಯೂ ಗಡಿ ಹಾದುಹೋಗುತ್ತದೆ. ಡಚ್ ಬದಿಯ ಸೇತುವೆಯ ಬಾಯಿ ಸುಮಾರು 17 ಮೀಟರ್ ಅಗಲ. ನಿಗದಿಯಾದ ಹೊತ್ತಿಗೆ ಮುಂಚೆ ದೋಣಿಗಳು ಆಚೆ ಸುತ್ತು ಹೊಡೆಯುತ್ತ ಕಾಯುತ್ತವೆ. ರೇಡಿಯೊದ 12ನೇ ಚಾನೆಲ್‌ನಲ್ಲಿ ಸೇತುವೆಯವನ ದನಿ ಕೇಳಿಸುತ್ತದೆ, ಗೇಟು ಬೀಳುತ್ತದೆ, ರಸ್ತೆಯ ತುಂಡು ಮೇಲೇಳುತ್ತದೆ. ಭಾರಿ ನೌಕೆಯೊಂದು ಎರಡೂ ಬದಿಯ ಗೋಡೆಗೆ ತಾಗದಂತೆ ನುಸುಳುವುದನ್ನು ನೋಡಲು ಪಕ್ಕದ ಯಾಟ್ ಕ್ಲಬ್ಬಿನಲ್ಲಿ ಜನ ಲೋಟ ಹಿಡಿದು ಕೂರುತ್ತಾರೆ. ದಾಟಿದ್ದಕ್ಕೆ ನೌಕೆಯ ಗಾತ್ರ ನೋಡಿ ಶುಲ್ಕ, ಒಳಗೆ ತಂಗಿದ್ದಕ್ಕೆ ಬೇರೆ. ಬಂದವರು ತಂಗಿದರೆ ಹಾಯಿ ಹೊಲಿಯುವವನಿಗೆ, ಎಂಜಿನ್ ಬಿಚ್ಚುವವನಿಗೆ, ದಿನಸಿ ಅಂಗಡಿಯವನಿಗೆ ಕೈತುಂಬ ಕೆಲಸ.

ಹಗಲಿನಲ್ಲಿ ರಸ್ತೆಗೆ ಬಿಡುವಿಲ್ಲ ಎನ್ನುವಿರಾದರೆ ಆಮ್‌ಸ್ಟರ್‌ಡ್ಯಾಮ್ ಇದೆ. ಅಲ್ಲಿ ರೈಲು ಸೇತುವೆ ತೆರೆಯುವುದು ರಾತ್ರಿ ಮಾತ್ರ. ಎತ್ತರದ ಕಂಬದ ದೋಣಿಗಳು ಕಾದಿದ್ದು, ಸಾಲುಗಟ್ಟಿ ಊರನ್ನು ದಾಟುತ್ತವೆ. ಇದೇನು ನಮ್ಮ ಎಂಜಿನಿಯರುಗಳಿಗೆ ಬಾರದ ವಿದ್ಯೆಯೂ ಅಲ್ಲ. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ, ರಾಮೇಶ್ವರಕ್ಕೆ ರೈಲು ಒಯ್ಯುವ ಹೊಸ ಪಾಂಬನ್ ಸೇತುವೆಯ 72.5 ಮೀಟರ್ ಉದ್ದದ ಭಾಗ ಇದ್ದಂತೆಯೇ 17 ಮೀಟರ್ ಮೇಲಕ್ಕೇರುತ್ತದೆ.

ವಿರೋಧ

ಪಾಂಬನ್ ಹೆಸರು ತೆಗೆದದ್ದು ಒಳ್ಳೆಯದಾಯಿತು. 1914ರ ಹಳೆಯ ಸೇತುವೆಯಲ್ಲಿ ಕೊನೆಗೆ ಕೈಕೊಟ್ಟದ್ದು ಯಾವುದು? ತೆರೆಯುವ ಭಾಗವೇ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು 2022ರ ಡಿಸೆಂಬರ್‌ನಲ್ಲಿ ರೈಲು ನಿಂತುಹೋಯಿತು. ಹೊಸದು ಬರುವವರೆಗೆ, ಎರಡು ವರ್ಷಕ್ಕೂ ಮಿಕ್ಕಿ, ರಾಮೇಶ್ವರದ ಯಾತ್ರಿಕರು ಮಂಡಪಂನಲ್ಲಿ ಇಳಿದು ರಸ್ತೆ ಹಿಡಿದರು. ಪಕ್ಕದಲ್ಲೊಂದು ರಸ್ತೆ ಸೇತುವೆ ಇದ್ದದ್ದು ಅವರ ಪುಣ್ಯ. ಅಲ್ಲಿ ಎತ್ತುವುದಕ್ಕೆ ಕಾರಣವಾದರೂ ಇದೆ: ಎತ್ತದಿದ್ದರೆ ಹಡಗು ಶ್ರೀಲಂಕೆಯನ್ನು ಬಳಸಿಕೊಂಡು ಹೋಗಬೇಕು. ಹೊನ್ನಾವರದಲ್ಲಿ ಶರಾವತಿಯ ಮೀನುಗಾರರು ಯಾರನ್ನೂ ಸೇತುವೆ ಎತ್ತಿ ಎಂದು ಕೇಳಿಲ್ಲ. ಅವರ ದೋಣಿಗಳು ಈಗಲೇ ಕೆಳಗಿನಿಂದ ಹೋಗಿಬರುತ್ತಿವೆ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಅದು ಅಲುಗಾಡದ ಸೇತುವೆ. ಅದನ್ನೇ ಕಾಯ್ದುಕೊಳ್ಳಲಾಗದ ವ್ಯವಸ್ಥೆಯ ಕೈಗೆ ದಿನಾ ಏಳುವ, ಇಳಿಯುವ ಸೇತುವೆ ಕೊಡುತ್ತೀರಾ? ಇನ್ನು ರಾತ್ರಿಯ ಮಾತು. ಕೊಂಕಣ ರೈಲ್ವೆಯ ಬಹುಭಾಗ ಇಂದಿಗೂ ಒಂಟಿ ಹಳಿ, ಅದರ ಮೇಲೆ ರಾತ್ರಿಯಿಡೀ ರೈಲು ಓಡುತ್ತದೆ. ಹೆದ್ದಾರಿಯಲ್ಲಿ ಲಾರಿಗಳೂ ಹಾಗೆಯೇ. ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸಿಗಂತೂ ವೇಳಾಪಟ್ಟಿ ಓದಿ ಹೊರಡಲು ಆಗುವುದಿಲ್ಲ.

ಸಿಂಟ್ ಮಾರ್ಟನ್ ಕಥೆಯನ್ನು ಗೆಳೆಯರು ಅರ್ಧಕ್ಕೇ ನಿಲ್ಲಿಸಿದರು. ಡಚ್ಚರು ಶುಲ್ಕ ಹಾಕಿದ ಮೇಲೆ ಎಷ್ಟೋ ದೋಣಿಗಳು ಫ್ರೆಂಚ್ ಬದಿಯ ಸ್ಯಾಂಡಿ ಗ್ರೌಂಡ್ ಸೇತುವೆಯಿಂದ ಪುಕ್ಕಟೆಯಾಗಿ ಒಳಬಂದು ಆ ಬದಿಯಲ್ಲೇ ಲಂಗರು ಹಾಕಿದವು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಎರಗಿದಾಗ, ಸುರಕ್ಷಿತವೆಂದು ಲಗೂನಿನೊಳಗೆ ಕಟ್ಟಿದ್ದ ದೋಣಿಗಳು ಒಂದರ ಮೇಲೊಂದು ಬಿದ್ದು ಮುಳುಗಿದವು. ಅವಶೇಷಗಳನ್ನು ಯಾರು ಎತ್ತಬೇಕು? ಸ್ಥಳೀಯರೇ ತಾನೇ. ಜೊತೆಗೆ, ತಂಗಿದ ದೋಣಿಯ ಶೌಚದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಇದೆ. ಬೆಳ್ಳಂದೂರಿನ ನೊರೆ ನೋಡಿದವರಿಗೆ, 2016ರಲ್ಲಿ ಹಲಸೂರು ಕೆರೆಯಲ್ಲಿ ತೇಲಿದ ಸತ್ತ ಮೀನು ನೋಡಿದವರಿಗೆ ಉತ್ತರ ಗೊತ್ತಿದೆ. ಆ ಹಲಸೂರು ಕೆರೆಯಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿ ಬಿಚ್ಚಿ ಅಭ್ಯಾಸ ಮಾಡುತ್ತಾರೆ, ಅದಕ್ಕಾಗಿ ಯಾವ ರಸ್ತೆಯೂ ನಿಂತಿಲ್ಲ.

ಮರೀನಾ ಬೇಡ ಎನ್ನುತ್ತಿಲ್ಲ. ಕೊಚ್ಚಿಯ ಬೋಲ್ಗಾಟ್ಟಿ ಮರೀನಾಕ್ಕೆ ಕಡಲಿನಿಂದ ಬಂದ ದೋಣಿ ಎತ್ತುವ ಸೇತುವೆ ದಾಟದೆಯೇ ಬಂದು ಕಟ್ಟಿಕೊಳ್ಳುತ್ತದೆ. ನಾವೂ ಸೇತುವೆಯ ಕಡಲ ಬದಿಯಲ್ಲೇ, ಅಲೆಗೋಡೆಯ ಆಸರೆಯಲ್ಲಿ ಜಾಗ ಹುಡುಕಬೇಕು. ಅಲೆಗೋಡೆಗೂ ದುಡ್ಡು ಬೇಕು, ಮರಳು ತುಂಬಿಕೊಂಡರೆ ಹೂಳೆತ್ತಲೂ ಬೇಕು, ಒಪ್ಪಿದೆ. ಆದರೆ ಆ ಖರ್ಚಿಗೆ ಹೆದ್ದಾರಿಯನ್ನು ಒತ್ತೆ ಇಡಬೇಕಿಲ್ಲ. ಹಿನ್ನೀರು ನೋಡಬೇಕೆನ್ನುವ ಅತಿಥಿಗಳನ್ನು ಊರಿನ ದೋಣಿಯವರು ಬಾಡಿಗೆ ತೆಗೆದುಕೊಂಡು ಸೇತುವೆಯ ಕೆಳಗಿನಿಂದಲೇ ಕರೆದೊಯ್ಯಲಿ.